ಹಾಯಿಲಿನ ದೊಡ್ಡವರ ಮನೆ ಬೆಚ್ಚಗಾದದ್ದು

ಬಣ್ಣ ಬಳಿಯುವವನಿಗೆ ಒಂದು ಸುಖವಿದೆ, ಬಳಿದದ್ದು ಎಲ್ಲರಿಗೂ ಕಾಣುತ್ತದೆ. ಟೈಲ್ಸ್ ಹಾಕಿದವನ ಕೆಲಸದ ಮೇಲೆ ಜನ ದಿನಾ ನಡೆದಾಡುತ್ತಾರೆ. ನನ್ನದು ಮನೆಗಳಿಗೆ ಇನ್ಸುಲೇಷನ್ ಹಾಕುವ ಕೆಲಸ. ತಾರಸಿಯ ಮೇಲೆ ಫೋಮ್, ಗೋಡೆಗೆ ಥರ್ಮೋಕೋಲಿನಂಥ ಶೀಟು, ಕಿಟಕಿಗೆ ಎರಡೆರಡು ಗಾಜು, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ. ಎಲ್ಲ ಮುಗಿದ ಮೇಲೆ ಮನೆಯ ಯಜಮಾನರು ಬಂದು, ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿ, "ಎಲ್ಲಿ? ಏನೂ ಕಾಣುವುದಿಲ್ಲವಲ್ಲ?" ಎನ್ನುತ್ತಾರೆ. ಕಾಣದ ಕೆಲಸ ಮಾಡುವವನ ಬದುಕಿನಲ್ಲಿ ತಮಾಷೆಗಳಿಗೆ ಬರವೇ ಇಲ್ಲ. ನಾವು ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ, ತಾವೇ ಏಣಿ ಹತ್ತಿ ಬರುತ್ತವೆ.

ನಾನು ಉಳ್ಳಾಲದವನು. ಬಹಳ ವರ್ಷ ಅರಬ್ಬರ ನಾಡಿನ ಅಲ್ ಅಹ್ಸಾದಲ್ಲಿ ಇದೇ ಕೆಲಸ ಮಾಡಿದೆ. ಅಲ್ಲಿ ಯಾರಿಗೂ ಪಾಠ ಹೇಳಬೇಕಾಗಿರಲಿಲ್ಲ, ಆ ಊರಿನ ಬಿಸಿಲೇ ನನ್ನ ಸೇಲ್ಸ್‌ಮ್ಯಾನ್. ಆಮೇಲೆ ನನ್ನ ಕಫೀಲ್, ಅಂದರೆ ನನ್ನ ವೀಸಾ ಹಿಡಿದ ಧಣಿ, ತನ್ನ ಹುಟ್ಟೂರು ಹಾಯಿಲಿನಲ್ಲಿ ಒಂದು ಬ್ರಾಂಚ್ ತೆರೆದು ನನ್ನನ್ನು ಅದರ ಮೇಲೆ ಕೂರಿಸಿದರು. ಹಾಯಿಲ್ ಎತ್ತರದ ಮರುಭೂಮಿ. ಬೇಸಿಗೆಯಲ್ಲಿ ಹುರಿದುಹಾಕುವ ಮನೆಯೇ ಚಳಿಗಾಲದಲ್ಲಿ ಹಲ್ಲು ಕಡಿಸುತ್ತದೆ. ಎರಡೂ ಕಾಲಕ್ಕೆ ವ್ಯಾಪಾರವಾಯಿತಲ್ಲ ಎಂದು ಖುಷಿಯಿಂದ ಹೆಂಡತಿ ಮಕ್ಕಳನ್ನೂ ಕರೆತಂದು ಶಾಲೆಗೆ ಸೇರಿಸಿದೆ.

ಒಬ್ಬ ಗಿರಾಕಿಯೂ ಬರಲಿಲ್ಲ.

ಕೇಳಿದರೆ ಎಲ್ಲರದೂ ಒಂದೇ ಉತ್ತರ: "ನಿನ್ನ ಕಫೀಲನ ತಂದೆಯೇ ಹಾಕಿಸಿಲ್ಲವಲ್ಲ!" ಆ ತಂದೆ ಬಡಾವಣೆಗೆಲ್ಲ ಹಿರಿಯರು. ನಾವು ಅವರನ್ನು ದೊಡ್ಡವರು ಎಂದೇ ಕರೆಯುತ್ತಿದ್ದೆವು. ಕಫೀಲ್ ನನ್ನನ್ನು ಕೂರಿಸಿಕೊಂಡು ನೇರವಾಗಿ ಹೇಳಿದರು: "ಈ ಚಳಿಗಾಲ ಮುಗಿಯುವುದರೊಳಗೆ ನನ್ನ ಅಪ್ಪ ನಾಲ್ಕು ಜನರ ಎದುರು ಇದು ಒಳ್ಳೆಯದು ಅನ್ನಬೇಕು. ಅಂದರೆ ಬ್ರಾಂಚ್ ಇರುತ್ತದೆ. ಇಲ್ಲದಿದ್ದರೆ ಬಾಗಿಲು ಹಾಕಿ ನೀನು ಅಲ್ ಅಹ್ಸಾಗೆ ವಾಪಸ್."

ಹೆಂಡತಿಗೆ ಹೇಳಿದೆ. "ನೀವು ಎಂತ ಬೇಕಾದ್ರೂ ಮಾಡಿ" ಎಂದಳು. "ಆ ಮನುಷ್ಯನ ಬಾಯಿಂದ ಒಂದು 'ಒಳ್ಳೇದುಂಟು' ಹೇಳ್ಸಿ. ಮಕ್ಕಳ ಶಾಲೆ ಇನ್ನೊಂದು ಸಲ ಬದಲಿಸ್ಲಿಕ್ಕೆ ನನ್ನಿಂದಾಗುದಿಲ್ಲ."

ನನಗೆ ಒಳಗೊಳಗೆ ಹೆದರಿಕೆ ಇರಲಿಲ್ಲವೆಂದಲ್ಲ. ಆದರೆ ಕೆಲಸದ ಮೇಲೆ ಸಂಶಯ ಮಾತ್ರ ಒಂದು ಎಳ್ಳಿನಷ್ಟೂ ಇರಲಿಲ್ಲ.

ಮಣ್ಣಿನ ಮನೆ

ಮೊದಲ ಸಲ ಹೋದಾಗ ಬೇಸಿಗೆಯ ಕೊನೆ. ದೊಡ್ಡವರು ಗಾವಾ, ಅಂದರೆ ಅರಬ್ಬಿ ಕಾಫಿ, ಕುಡಿಸಿದರು, ಖರ್ಜೂರ ಕೊಟ್ಟರು, ನನ್ನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ, "ಯಾ ಮುಹಂದಿಸ್" ಎಂದರು. ಮುಹಂದಿಸ್ ಅಂದರೆ ಇಂಜಿನಿಯರ್. ನಾನು ಓದಿದ್ದು ಪಿಯುಸಿ. ಆದರೆ ಕೈಯಲ್ಲಿ ಅಳತೆಯ ಟೇಪು ಹಿಡಿದವರೆಲ್ಲ ಇಲ್ಲಿ ಇಂಜಿನಿಯರೇ.

"ನಾನು ಹುಟ್ಟಿದ್ದು ಮಣ್ಣಿನ ಮನೆಯಲ್ಲಿ. ಬೇಸಿಗೆಯಲ್ಲಿ ತಂಪು, ಚಳಿಗೆ ಬೆಚ್ಚಗೆ. ಆ ಮನೆಗೆ ನಿನ್ನ ಫೋಮ್ ಇತ್ತಾ?"

ಈ ಪ್ರಶ್ನೆಗೆ ಉತ್ತರ ನನ್ನ ಬಾಯಿಯ ತುದಿಯಲ್ಲೇ ಇತ್ತು. "ಆ ಗೋಡೆ ಒಂದು ಮೊಳ ದಪ್ಪ, ಹುಲ್ಲು ಬೆರೆಸಿದ ಮಣ್ಣು. ಆ ಮಣ್ಣೇ ಇನ್ಸುಲೇಷನ್. ಈಗಿನ ಸಿಮೆಂಟು ಗೋಡೆಗೆ ಆ ಶಕ್ತಿಯಿಲ್ಲ. ಮಣ್ಣು ಮಾಡುತ್ತಿದ್ದ ಕೆಲಸವನ್ನೇ ನನ್ನ ಶೀಟು ಮಾಡುವುದು" ಎಂದೆ. ಪಕ್ಕದಲ್ಲಿದ್ದ ಕಫೀಲ್ ನನ್ನ ಕಡೆ ಮೆಚ್ಚಿ ನೋಡಿದರು. ನಾನು ಗೆದ್ದೆನೆಂದೇ ತಿಳಿದೆ.

ದೊಡ್ಡವರೂ ತಲೆಯಾಡಿಸಿದರು. "ನಿಜ, ನೀನು ಹೇಳುವುದು ಪೂರಾ ನಿಜ. ಹಾಗಾದರೆ ಮಣ್ಣೇ ಹಾಕು."

ಬಿಸಿ ಅಳೆಯುವ ಪಿಸ್ತೂಲು

ಮಾತಿನಿಂದ ಆಗದ್ದು ಮೆಷಿನ್‌ನಿಂದ ಆದೀತು ಎಂದು ಮುಂದಿನ ಸಲ ಥರ್ಮಾಮೀಟರ್ ಒಯ್ದೆ. ಅದು ಪಿಸ್ತೂಲಿನಂತಿರುತ್ತದೆ. ಯಾವುದರತ್ತ ಗುರಿಯಿಟ್ಟು ಒತ್ತಿದರೂ ಅದರ ಬಿಸಿ ಎಷ್ಟೆಂದು ತೋರಿಸುತ್ತದೆ. ನೆಲಕ್ಕೆ ಹಿಡಿದೆ, ಸೀಲಿಂಗಿಗೆ ಹಿಡಿದೆ. "ನೋಡಿ, ಸೂರ್ಯ ನಿಮ್ಮ ತಾರಸಿ ದಾಟಿ ಒಳಗೇ ಬಂದು ಕೂತಿದ್ದಾನೆ" ಎಂದೆ.

ದೊಡ್ಡವರ ಕಣ್ಣು ಅರಳಿತು. ನನ್ನ ಕೈಯಿಂದ ಪಿಸ್ತೂಲು ಅವರ ಕೈಗೆ ಹೋಯಿತು. ಗಾವಾದ ಹೂಜಿ ಅಳೆದರು. ಅಂಗಳದ ಬೆಕ್ಕನ್ನು ಅಳೆದರು. ಬೆಕ್ಕು ಓಡಿತು, ಬೆನ್ನಟ್ಟಿ ಅಳೆದರು. ಮಗನ ಬೂಟು, ಫ್ರಿಜ್ಜಿನ ಹಿಂಬದಿ, ಖರ್ಜೂರದ ತಟ್ಟೆ ಯಾವುದನ್ನೂ ಬಿಡಲಿಲ್ಲ. ನಮ್ಮ ಫೋರ್‌ಮನ್, ಕಾಪು ಕಡೆಯವನು, ನನ್ನ ಕಿವಿಯಲ್ಲಿ, "ಸರ್, ನಮ್ಮ ಪಿಸ್ತೂಲು ಇನ್ನು ಸಿಗುದಿಲ್ಲ, ಬರೆದಿಟ್ಕೊಳ್ಳಿ" ಎಂದ.

ಕೊನೆಗೆ ದೊಡ್ಡವರು ಅದನ್ನು ನನ್ನ ಹಣೆಗೆ ಗುರಿಯಿಟ್ಟು ಒತ್ತಿದರು. ಮಗನಿಗೆ ತೋರಿಸಿ ಹೇಳಿದರು: "ಇವನ ತಲೆ ನಮ್ಮ ಸೀಲಿಂಗಿಗಿಂತ ಬಿಸಿಯಾಗಿದೆ. ಮೊದಲು ಇದಕ್ಕೆ ಹಾಕಿಸು."

ಕೆಂಪು ನಲ್ಲಿ, ನೀಲಿ ನಲ್ಲಿ

ಪೂರ್ತಿ ಮನೆ ಬೇಡವಾದರೆ ತಾರಸಿಯ ಮೇಲಿನ ನೀರಿನ ಟ್ಯಾಂಕಿಗಾದರೂ ಹಾಕುತ್ತೇನೆ, ನೋಡಿ ಹೇಳಿ ಎಂದೆ. ಟ್ಯಾಂಕ್ ತಾನೆ, ಹಾಳಾಗಿ ಹೋಗಲಿ ಎಂದು ಒಪ್ಪಿದರು. ಟ್ಯಾಂಕಿಗೂ ಪೈಪುಗಳಿಗೂ ದಪ್ಪ ಹೊದಿಕೆ ಹಾಕಿ, ಮೇಲೊಂದು ನೆರಳು ಕಟ್ಟಿಸಿದೆ. ನೋಡಲೂ ಚೆನ್ನಾಗಿತ್ತು.

ಒಂದು ವಾರ ಬಿಟ್ಟು ಹೋಗಿ, "ಹೇಗಿದೆ?" ಎಂದು ಕೇಳಿದೆ.

"ಮೊದಲಿನ ಹಾಗೇ. ಏನೂ ವ್ಯತ್ಯಾಸವಿಲ್ಲ."

ಬಚ್ಚಲಿಗೆ ಹೋಗಿ ನೋಡಿದ ಮೇಲೆ ಗೊತ್ತಾಯಿತು. ಈ ದೇಶದಲ್ಲಿ ಬೇಸಿಗೆ ಬಂದರೆ ನಲ್ಲಿಗಳು ಅದಲುಬದಲಾಗುತ್ತವೆ. ತಾರಸಿಯ ಟ್ಯಾಂಕಿನಿಂದ ನೇರ ಬರುವ ನೀಲಿ ನಲ್ಲಿಯಲ್ಲಿ ಸುಡುನೀರು. ಆದ್ದರಿಂದ ಕೆಂಪು ನಲ್ಲಿಯ ಗೀಸರ್ ಆರಿಸಿಬಿಡುತ್ತಾರೆ. ಮನೆಯೊಳಗೆ ನೆರಳಿನಲ್ಲಿರುವ ಅದರಲ್ಲಿ ನೀರು ತಣ್ಣಗಾಗುತ್ತದೆ, ತಣ್ಣೀರು ಬೇಕಾದವರು ಕೆಂಪು ನಲ್ಲಿ ತಿರುಗಿಸುತ್ತಾರೆ. ದೊಡ್ಡವರು ವಾರವಿಡೀ ಅಭ್ಯಾಸಬಲದಿಂದ ಕೆಂಪು ನಲ್ಲಿಯಲ್ಲೇ ಮುಖ ತೊಳೆದಿದ್ದರು. ನಾನು ದುಡಿದದ್ದೆಲ್ಲ ನೀಲಿ ನಲ್ಲಿಯಲ್ಲಿತ್ತು. ಅದನ್ನು ಅವರು ಮುಟ್ಟಿರಲೇ ಇಲ್ಲ.

ಅವರನ್ನು ಕರೆದು ನೀಲಿ ನಲ್ಲಿ ತಿರುಗಿಸಿದೆ. ಹೆದರುತ್ತ ಒಂದು ಬೆರಳಿಟ್ಟರು, ಆಮೇಲೆ ಇಡೀ ಕೈಯಿಟ್ಟರು. "ಮಾಶಾ ಅಲ್ಲಾಹ್!" ಎಂದು ಬಾಯಿ ತೆರೆದರು. ಮುಂದಿನ ಮಾತು 'ಒಳ್ಳೆಯದು' ಎಂದೇ ಇತ್ತು, ನನಗೆ ಖಾತ್ರಿ. ಅಷ್ಟರಲ್ಲಿ ಅಡುಗೆಮನೆಯ ಪರದೆಯ ಹಿಂದಿನಿಂದ ಅವರ ಹೆಂಡತಿಯ ದನಿ ಬಂತು: "ಓಹೋ, ನನ್ನ ಬಿಸಿನೀರು ಕದ್ದದ್ದು ಈ ಹಿಂದಿಯೋ! ವಾರದಿಂದ ನೀಲಿ ನಲ್ಲಿಯ ನೀರಿಗೆ ಪಾತ್ರೆಯ ಜಿಡ್ಡು ಹೋಗುತ್ತಿಲ್ಲ!" ಹಿಂದಿ ಅಂದರೆ ಇಂಡಿಯಾದವನು.

ದೊಡ್ಡವರು ತೆರೆದ ಬಾಯಿ ಹಾಗೇ ಮುಚ್ಚಿಕೊಂಡರು.

ಆದರೆ ನಮ್ಮ ಕೆಲಸ ಮುಂದೆ ಹೋದದ್ದು ಅದೇ ಅಜ್ಜಿಯಿಂದ. ಚಳಿ ಶುರುವಾದಾಗ ಪರದೆಯ ಹಿಂದಿನಿಂದಲೇ ನನಗೆ ಅಪ್ಪಣೆಯಾಯಿತು: "ನನ್ನ ಬಿಸಿನೀರು ತೆಗೆದೆಯಲ್ಲ, ಇನ್ನು ಚಳಿಯನ್ನೂ ತೆಗೆ. ಮನೆ ಅವರದ್ದಿರಬಹುದು, ನೋಯುವ ಮಂಡಿ ನನ್ನದು." ದೊಡ್ಡವರು ಎದ್ದು ತಾರಸಿಯ ಬೀಗದ ಕೈ ತಂದುಕೊಟ್ಟರು. ನಾವು ತಾರಸಿ, ಗೋಡೆ, ಕಿಟಕಿ, ಬಾಗಿಲು, ಅಂಗಳದಾಚೆಯ ಅತಿಥಿಗಳ ಚಾವಡಿ, ಎಲ್ಲವನ್ನೂ ಅವರ ಮನಸ್ಸು ಬದಲಾಗುವ ಮೊದಲೇ ಮುಗಿಸಿಬಿಟ್ಟೆವು.

ಕಿವಿ ಹೋದದ್ದು

ಕೆಲಸ ಮುಗಿದ ಕೆಲವೇ ದಿನಕ್ಕೆ ಕಫೀಲ್ ಗಾಬರಿಯಿಂದ ಫೋನ್ ಮಾಡಿದರು. ಅಪ್ಪನಿಗೆ ಕಿವಿ ಕೇಳಿಸುವುದು ನಿಂತಿದೆಯಂತೆ. ಬೆಳಿಗ್ಗೆ ಎದ್ದರೆ ಕುರಿಗಳ ಸದ್ದಿಲ್ಲ, ರಸ್ತೆಯ ಹಾರ್ನಿಲ್ಲ, ಪಕ್ಕದ ಮನೆಯವರು ಕಾರು ನಿಲ್ಲಿಸುವ ವಿಷಯದಲ್ಲಿ ಡ್ರೈವರನ ಜೊತೆ ದಿನಾ ಮಾಡುವ ಜಗಳವೂ ಇಲ್ಲ. ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ನನ್ನ ಕಿವಿಗಿಂತ ನಿಮ್ಮದೇ ಚೆನ್ನಾಗಿದೆ" ಎಂದು ಕಳಿಸಿದರು.

ಫೋರ್‌ಮನ್ನನ್ನು ಕರೆದುಕೊಂಡು ಹೋದೆ. ದೊಡ್ಡವರು ಕಿಟಕಿಯ ಪಕ್ಕ ಬಹಳ ಸಪ್ಪಗೆ ಕೂತಿದ್ದರು. ನಾನು ಎರಡು ಗಾಜಿನ ಹೊಸ ಕಿಟಕಿ ತೆರೆದೆ. ಕುರಿ, ಹಾರ್ನು, "ನಿನಗೆ ಎಷ್ಟು ಸಲ ಹೇಳಬೇಕು, ಗೇಟಿನೆದುರು ನಿಲ್ಲಿಸಬೇಡವೆಂದು" ಎಂಬ ಕೂಗು, ಎಲ್ಲವೂ ಒಟ್ಟಿಗೆ ಒಳಗೆ ಬಂದವು.

"ಅಲ್ಹಮ್ದುಲಿಲ್ಲಾಹ್!" ಎಂದು ಅವರು ಎರಡೂ ಕೈ ಎತ್ತಿದರು. "ಕಿವಿ ಬಂತು!"

ಆ ದಿನದಿಂದ ಬೆಳಗಿನ ಜಗಳ ಮುಗಿಯುವವರೆಗೆ ಆ ಕಿಟಕಿ ತೆರೆದೇ ಇರುತ್ತಿತ್ತು. ಒಳಗೆ ಹೀಟರ್ ಉರಿಯುತ್ತಿತ್ತು, ಅದರ ಬಿಸಿಯೆಲ್ಲ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ಫೋರ್‌ಮನ್ ಆಚೆ ನಿಂತು ಕೈ ಕಾಯಿಸಿಕೊಳ್ಳುತ್ತ ಕೇಳಿದ: "ಎಂತ ಸರ್, ನಾವು ಇನ್ಸುಲೇಷನ್ ಮಾಡಿದ್ದು ರೋಡಿಗಾ?"

ಧೂಪ

ಚಳಿಗಾಲ ಕೊನೆಗೆ ಬಂತು. 'ಒಳ್ಳೆಯದು' ಮಾತ್ರ ಬರಲಿಲ್ಲ. ಹೆಂಡತಿ ಅಟ್ಟದ ಮೇಲಿದ್ದ ಸೂಟ್‌ಕೇಸ್‌ಗಳನ್ನು ಕೆಳಗಿಳಿಸಿ ಧೂಳು ಒರೆಸುತ್ತಿದ್ದಳು. "ಸುಮ್ಮನೆ ಒರೆಸಿದ್ದು" ಎಂದಳು. ಸುಮ್ಮನೆ ಯಾರೂ ಸೂಟ್‌ಕೇಸ್ ಒರೆಸುವುದಿಲ್ಲ. ನನಗೆ ಬಹಳ ಬೇಸರವಾಯಿತು.

ಆ ಸಂಜೆಯೇ ದೊಡ್ಡವರ ಫೋನ್ ಬಂತು. ಸ್ವತಃ ಅವರೇ. ದನಿ ಪಿಸುಪಿಸು. "ಯಾ ಮುಹಂದಿಸ್, ಕೂಡಲೇ ಬಾ. ಯಲ್ಲಾ!"

ನಾನು ಹೋದಾಗ ಅವರು ಅಂಗಳದಲ್ಲೇ ಕಾಯುತ್ತಿದ್ದರು. ನನ್ನ ತೋಳು ಹಿಡಿದು ಗೋಡೆಯ ಮರೆಗೆ ಎಳೆದರು. ಮಜ್ಲಿಸಿನ ಬಾಗಿಲು ತೋರಿಸಿ, "ಅಲ್ಲಿ ಹಾಕಿದ್ದನ್ನೆಲ್ಲ ಕಿತ್ತು ತೆಗೆ" ಎಂದರು. "ಇವತ್ತೇ!"

ಮಜ್ಲಿಸ್ ಅಂದರೆ ಅತಿಥಿಗಳು ಕೂರುವ ಚಾವಡಿ. ಬಡಾವಣೆಯ ಹಿರಿಯರೆಲ್ಲ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಇವರಲ್ಲಿಗೆ ಬರುವುದು ಹಳೆಯ ರೂಢಿ. ಗಾವಾ, ಖರ್ಜೂರ, ಮಾತು. ಅತಿಥಿಯನ್ನು ಏಳು ಎನ್ನುವ ಹಾಗಿಲ್ಲ, ಗಡಿಯಾರ ನೋಡುವ ಹಾಗೂ ಇಲ್ಲ. ಅದಕ್ಕೊಂದು ಮರ್ಯಾದೆಯ ದಾರಿಯಿದೆ. ಕೊನೆಗೆ ಧೂಪದ ಬಟ್ಟಲು ಒಂದು ಸುತ್ತು ಬರುತ್ತದೆ. ಬಟ್ಟೆಗೆ ಪರಿಮಳ ಹಿಡಿಸಿಕೊಂಡು ಎಲ್ಲರೂ ಏಳುತ್ತಾರೆ. ಹಿಂದೆಲ್ಲ ಚಳಿಯೂ ದೊಡ್ಡವರ ಪರವಾಗಿತ್ತು. ಹೊತ್ತು ಮುಳುಗಿದರೆ ನೆಲದಿಂದ ಶೀತ ಏರುತ್ತಿತ್ತು, ಧೂಪ ಬರುವ ಮೊದಲೇ ಅರ್ಧ ಜನ ಎದ್ದಿರುತ್ತಿದ್ದರು.

"ಈಗ ನೋಡು!" ಎಂದರು ದೊಡ್ಡವರು. ಬಾಗಿಲ ಸಂದಿಯಿಂದ ನೋಡಿದೆ. ಒಳಗೆ ಹಿತವಾದ ಬಿಸುಪು. ಹಿರಿಯರೆಲ್ಲ ಉಣ್ಣೆಯ ಕೋಟು ಕಳಚಿ, ದಿಂಬಿಗೆ ಒರಗಿ, ಕಾಲು ಚಾಚಿದ್ದರು. ಮೂಲೆಯಲ್ಲಿದ್ದವರೊಬ್ಬರು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

"ಧೂಪ ಕಳಿಸಲಿಲ್ಲವೇ?" ಎಂದು ಕೇಳಿದೆ.

"ಎರಡು ಸುತ್ತು ಕಳಿಸಿದೆ! ಮೂಸಿ ನೋಡಿ, ಬಹಳ ಒಳ್ಳೆಯ ಧೂಪ ಎಂದು ಹೊಗಳಿ, ಮತ್ತೆ ಒರಗಿದರು. ದಿನಾ ಇದೇ ಕತೆ. ಬೇರೆ ಬಡಾವಣೆಯವರೂ ಬರತೊಡಗಿದ್ದಾರೆ. ನನ್ನ ಬೆನ್ನು ಬಿದ್ದುಹೋಯಿತು. ಕಿತ್ತು ತೆಗೆ ಮಾರಾಯ!" ಅರಬ್ಬಿಯಲ್ಲಿ ಮಾರಾಯ ಎಂಬ ಶಬ್ದವಿಲ್ಲ, ಆದರೆ ಅವರು ಹೇಳಿದ್ದು ಅದನ್ನೇ.

ನಾನು ಹೇಳಿದೆ: "ಶೀಟು ಗೋಡೆಗೆ ಕಚ್ಚಿಕೊಂಡಿದೆ. ಅದನ್ನು ತೆಗೆಯಬೇಕಾದರೆ ಗೋಡೆಯನ್ನೂ ತೆಗೆಯಬೇಕು. ನನ್ನ ಕೆಲಸ ಹಾಗೆಲ್ಲ ಬಿಟ್ಟುಕೊಡುವುದಿಲ್ಲ."

ಅವರು ತಲೆ ಮೇಲೆ ಕೈಯಿಟ್ಟರು. ಬಾಗಿಲ ಸಂದಿಯಿಂದ ಮತ್ತೊಮ್ಮೆ ಒಳಗೆ ಇಣುಕಿದರು. ಆಮೇಲೆ ನಿಧಾನವಾಗಿ ಕೇಳಿದರು: "ಇವರ ಯಾರ ಮನೆಯಲ್ಲೂ ಇದು ಇಲ್ಲ, ಅಲ್ಲವಾ?"

"ಒಬ್ಬರ ಮನೆಯಲ್ಲೂ ಇಲ್ಲ. ನೀವು ಹೇಳಲಿ ಎಂದು ಕಾಯುತ್ತಿದ್ದಾರೆ."

ದೊಡ್ಡವರ ಮುಖ ಬೆಳಗಿತು. ನನ್ನ ಕೈ ಹಿಡಿದುಕೊಂಡೇ ಮಜ್ಲಿಸಿನ ನಡುವೆ ಹೋಗಿ ನಿಂತರು. ಕಫೀಲ್ ಗಾವಾದ ಹೂಜಿ ಹಿಡಿದು ಬಡಿಸುತ್ತಿದ್ದವರು ಅಲ್ಲೇ ನಿಂತರು. ಗೊರಕೆಯೂ ನಿಂತಿತು.

"ಸಹೋದರರೇ" ಎಂದರು ದೊಡ್ಡವರು, ತುಂಬು ಗಂಟಲಿನಿಂದ. "ಅಲ್ಲಾಹನಾಣೆ, ಈ ಮನುಷ್ಯನ ಕೆಲಸ ಒಳ್ಳೆಯದು. ಇಷ್ಟು ಒಳ್ಳೆಯದೆಂದು ನನಗೇ ಗೊತ್ತಿರಲಿಲ್ಲ! ನಾನೊಬ್ಬನೇ ಬೆಚ್ಚಗಿದ್ದು ನೀವೆಲ್ಲ ಚಳಿಯಲ್ಲಿರುವುದು ನನಗೆ ಸಹಿಸಲಾಗುವುದಿಲ್ಲ. ನಾಳೆಯೇ ಇವನು ನಿಮ್ಮ ಮನೆಗಳಿಗೆ ಬರುತ್ತಾನೆ. ಬೇಡ ಎಂದವರು ನನ್ನ ಸ್ನೇಹಿತರಲ್ಲ." ಒಬ್ಬೊಬ್ಬರನ್ನೇ ಬೆರಳು ಮಾಡಿ ತೋರಿಸಿದರು. "ಇವರ ಮನೆ, ಇವರ ಮನೆ, ಆ ತುದಿಯವರದ್ದು. ಎಲ್ಲಕ್ಕಿಂತ ಮೊದಲು ಮೂಲೆಯಲ್ಲಿ ಮಲಗಿದ್ದವರದ್ದು!"

ಅತಿಥಿಗಳ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎಂಥ ಉದಾರಿ, ಎಂಥ ನೆರೆಯವರು ಎಂದು ಎದ್ದು ಬಂದು ಅವರ ಹಣೆಗೆ ಮುತ್ತಿಟ್ಟರು. ಕಫೀಲ್ ನನ್ನನ್ನು ನೋಡಿ ಹೆಬ್ಬೆರಳೆತ್ತಿದರು. ನಾನು ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿ, ಸೂಟ್‌ಕೇಸ್ ಮೇಲಿಡು ಎಂದೆ. ಆಚೆಯಿಂದ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಹೊರಡುವಾಗ ದೊಡ್ಡವರು ಗೇಟಿನವರೆಗೂ ಬಂದರು. ಒಳಗೆ ಅತಿಥಿಗಳು ಮತ್ತೆ ದಿಂಬಿಗೆ ಒರಗಿ, ದೊಡ್ಡವರ ಔದಾರ್ಯದ ಬಗ್ಗೆಯೇ ಮಾತಾಡುತ್ತಿದ್ದರು. ಅವರು ಆ ಕಡೆ ಒಮ್ಮೆ ನೋಡಿ, ನನ್ನ ಕಿವಿಗೆ ಬಾಯಿ ತಂದು ಹೇಳಿದರು:

"ಅವರ ಮನೆಗಳಿಗೆ ನನ್ನದಕ್ಕಿಂತ ಚೆನ್ನಾಗಿ ಹಾಕು. ಹೊರಗೆ ಕಾಲಿಡಲು ಅವರಿಗೆ ಮನಸ್ಸೇ ಬರಬಾರದು!"