ಒಬ್ಬರೇ ಸೇದುವ ಬಾವಿ

ವಿಜ್ಞಾನದ ಮಾಸ್ತರನ್ನು ಮದುವೆಯಾದರೆ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಎಪ್ಪತ್ತರ ದಶಕದಲ್ಲಿ ನಮ್ಮ ಯಜಮಾನರಿಗೆ ಬೆಳಗಾವಿಯಿಂದ ಖಾನಾಪುರದ ಸಾಲೆಗೆ ವರ್ಗವಾಯಿತು. ಸರಳ ಯಂತ್ರಗಳ ಪಾಠ ಸಾಲೆಯಲ್ಲಿ ಮುಗಿದರೂ ಮನೆಯಲ್ಲಿ ಮುಗಿಯುತ್ತಿರಲಿಲ್ಲ.

ಹಲಗೆ

ಹೊಸ ಬಾಡಿಗೆ ಮನೆಗೆ ಎತ್ತರದ ಮೆಟ್ಟಿಲು. ನನ್ನ ತವರಿನ ಗಾಜಿನ ಕಪಾಟನ್ನು ಹೊರಲು ಹಮಾಲರು ಬಂದರೆ ಇವರು ತಡೆದರು. "ಹಲಗಿ ಇಳಿಜಾರು ಇಟ್ರ ಭಾರ ಹಗುರಾಗತೈತಿ, ನೋಡ್ರಿ."

ಖರೇನೇ, ಕಪಾಟು ಸರಸರ ಏರಿತು. ಏರಿದ ಮೇಲೆ ಬಾಗಿಲೇ ಸಣ್ಣದೆಂದು ತಿಳಿಯಿತು. ಎಲ್ಲರೂ ಕೈಬಿಟ್ಟು ಬಾಗಿಲು ಅಳೆಯುತ್ತ ನಿಂತರು. ಕಪಾಟು ತಾನೇ ಹಿಂದಕ್ಕೆ ಹೊರಟಿತು. ಅವ್ವ ಆಸೆಪಟ್ಟು ಕೊಡಿಸಿದ್ದು. ಒಡೆದ ಗಾಜು ಗುಡಿಸಿ ಹಾಕಿದ ಸಂಕಟ ನನಗೆ ಇವತ್ತಿಗೂ ಇದೆ.

ಅತ್ತೆಯವರು ಮಾತ್ರ, "ಏರಸೂದಕ್ಕಿಂತ ಇಳಸೂದು ಇನ್ನೂ ಹಗುರಾತಲ್ಲೋ ತಮ್ಮಾ," ಎಂದರು.

ಹಾರೆ

ಹಿತ್ತಲಲ್ಲಿ ಅರಿವೆ ಒಗೆಯುವ ಕಲ್ಲು ಒಂದು ಕಡೆ ಕುಸಿದಿತ್ತು. ಇವರು ಅದರಡಿ ಕಬ್ಬಿಣದ ಹಾರೆ ತೂರಿಸಿ, "ನೀ ಈ ತುದಿ ಮ್ಯಾಲ ಕುಂದ್ರು," ಎಂದರು. ಕೂತೆ. ಕಲ್ಲು ಎದ್ದಿತು. ಇವರ ಆನಂದ ಹೇಳತೀರದು.

ಆ ವಾರ ಸಂತೆಯಲ್ಲಿ ಸಾಲೆಯ ಹುಡುಗಿಯರು ನನ್ನನ್ನು ನೋಡಿ ನಗತೊಡಗಿದರು. ಒಬ್ಬಳನ್ನು ಹಿಡಿದು ಕೇಳಿದೆ.

"ಸರ್ ಪಾಠದಾಗ ಹೇಳಿದ್ರರೀ. ಹಗುರ ಮಂದಿ ಕುಂತ್ರ ಹಾರಿ ಉದ್ದ ಬೇಕಾಗತೈತಿ, ನಮ್ಮ ಮನಿಯಾಗ ಗಿಡ್ಡದ ಸಾಕಾತು ಅಂತ!"

ಗಡಗಡಿ

ನಮಗೂ, ಎಲ್ಲರೂ ಖಾಲಾ ಎಂದು ಕರೆಯುತ್ತಿದ್ದ ಬಾಜೂ ಮನೆಯ ಮುಸಲ್ಮಾನ ಹೆಂಗಸಿಗೂ ಒಂದೇ ಬಾವಿ. ಅತ್ತೆಯವರೂ ಖಾಲಾನೂ ದಿನಾ ಮುಂಜಾನೆ ಒಂದೇ ಹಗ್ಗ ಹಿಡಿದು ನೀರು ಸೇದುವರು. ಕೊಡ ಮೇಲೆ ಬರುವಷ್ಟರಲ್ಲಿ ಎರಡೂ ಮನೆಯ ಸುಖದುಃಖದ ಮಾತು ಆಗುತ್ತಿತ್ತು. ಅವರ ಶ್ರಮ ಇವರಿಗೆ ನೋಡಲಾಗಲಿಲ್ಲ. ಬೆಳಗಾವಿಗೆ ಹೋಗಿ ಗಡಗಡಿ, ಅಂದರೆ ಹಗ್ಗ ಹಾಯುವ ರಾಟೆ, ತಂದು ಬಾವಿಗೆ ಕೂಡಿಸಿದರು. "ಇನ್ನ ಒಬ್ಬರ ಸಾಕು, ಯವ್ವಾ."

ಸಾಕಾಯಿತು. ಅತ್ತೆ ತಮ್ಮ ಹೊತ್ತಿಗೆ, ಖಾಲಾ ತಮ್ಮ ಹೊತ್ತಿಗೆ. ಆ ಮಳೆಗಾಲದಲ್ಲಿ ಖಾಲಾ ಜ್ವರದಿಂದ ಹಾಸಿಗೆ ಹಿಡಿದದ್ದು, ಅವರು ಎದ್ದು ಓಡಾಡಿದ ಮೇಲಷ್ಟೇ ನಮಗೆ ತಿಳಿಯಿತು.

"ನಡುವ ಒಂದ ಗ್ವಾಡಿ. ಒಂದು ಬಟ್ಟಲ ಗಂಜಿ ಕೊಡಾಕ ಆಗಲಿಲ್ಲಲ್ಲ ನನಗ," ಎಂದು ಅತ್ತೆ ಅತ್ತರು. ಇವರು ತಲೆ ತಗ್ಗಿಸಿ ಕೂತರು.

ಅದಾದ ಮೇಲೆ ಕೊಡ ಬಾವಿಗೆ ಬೀಳತೊಡಗಿತು. ಬಿದ್ದರೆ ಕೊಕ್ಕೆಗಳ ಪಾತಾಳಗರಡಿ ಇಳಿಬಿಟ್ಟು ಹುಡುಕಬೇಕು. ಒಬ್ಬರು ಹಗ್ಗ ಆಡಿಸಬೇಕು, ಇನ್ನೊಬ್ಬರು ಕನ್ನಡಿ ಹಿಡಿದು ಬಾವಿಯೊಳಗೆ ಬಿಸಿಲು ಬಿಡಬೇಕು. ಅತ್ತೆ, ಖಾಲಾ ಇಬ್ಬರಿಗೂ ಇಡೀ ಮುಂಜಾನೆ ಅದಕ್ಕೇ, ಅದರ ಜೊತೆಯ ಮಾತಿಗೇ ಹೋಗುತ್ತಿತ್ತು.

ಗಂಟು ಸಡಿಲಾಗುತ್ತಿದೆ ಎಂದು ಇವರು ಹಗ್ಗ ಬದಲಿಸಿದರು. ಮತ್ತೆ ಬಿತ್ತು. ಕೊನೆಗೆ ಕೊಡಕ್ಕೆ ಸರಪಳಿ ಹಾಕಿ, ನಟ್ಟು ಬೋಲ್ಟು ಬಿಗಿದು, "ಇನ್ನ ಬೀಳೂದ ಇಲ್ಲ," ಎಂದರು.

ಇಬ್ಬರೂ ಬಂದರು. ಅತ್ತೆ ಬೋಲ್ಟು ತಿರುಗಿಸಿ ನೋಡಿದರು. ಖಾಲಾ ಸೆರಗು ಸುತ್ತಿ ಹಿಡಿದು ತಿರುಗಿಸಿದರು. ಅದು ಅಲುಗಲಿಲ್ಲ.

ಕಡೆಗೆ ಖಾಲಾ ಮೆಲ್ಲಗೆ ಕೇಳಿದರು: "ಮಾಸ್ತರ, ಇದನ್ನ ಬಿಚ್ಚೂ ಕೆಲಸ ಹಗುರ ಮಾಡೂವಂಥಾ ಯಂತ್ರ ಯಾವದರ ಐತೇನ್ರಿ?"