ಲಿಂಗಸುಗೂರಿನ ಸ್ಲೋ ಲೈನು

ಕಂಪ್ಯೂಟರ್ ಜೋಡಿ ಜೀವನ ಮಾಡೋರು ನಗೋ ಪ್ರಸಂಗ ಹುಡುಕ್ಕೊಂಡು ಹೋಗಬೇಕಾಗಿಲ್ಲ, ತಾವಾಗೇ ಬಂದು ಕೊರಳಿಗೆ ಬೀಳ್ತಾವ. ತೊಂಬತ್ತರ ದಶಕದ ಕೊನೀಗೆ ನಮ್ಮ ಸಾವ್ಕಾರಗ ಸಿಂಧನೂರು, ಮಸ್ಕಿ, ಲಿಂಗಸುಗೂರಿನ್ಯಾಗ ಮೂರು ಬೀಜದ ಅಂಗಡಿ. ಮೂರಕ್ಕೂ ಒಂದೊಂದು ಕಂಪ್ಯೂಟರ್, ಒಂದೊಂದು ಮೋಡೆಮ್. ಅದರಾಗ ದೊಡ್ಡದು ಸಣ್ಣದು ಅಂತಿಲ್ಲ. ಯಾವುದು ಬೇಕಾದ್ರೂ ಯಾವುದಕ್ಕ ಬೇಕಾದ್ರೂ ಫೋನ್ ಹಚ್ಚಿ ಫೈಲು ಕಳಸೂದು. ಸಿಂಧನೂರಿನ್ಯಾಗ ಕುಂತು ದಿನಾ ಅದೇ ಒಂದು ಫೈಲು ಎರಡೂ ಊರಿಗೆ ಕಳಿಸಿ, ಯಾವ ಲೈನು ಎಷ್ಟು ಜೋರು ಅಂತ ಗಡಿಯಾರ ಹಿಡಿದು ನೋಡೋದು ನನ್ನ ಕೆಲಸ.

ಬಸ್ಸಿನ ಪಂದ್ಯ

ಸಾವ್ಕಾರಗ ಮೋಡೆಮ್ ಮ್ಯಾಲ ಮೊದಲಿಂದ ನಂಬಿಕಿ ಇಲ್ಲ. ಒಂದಿನ ಅದೇ ಫೈಲನ್ನ ಫ್ಲಾಪಿಗೆ ಹಾಕಿಸಿ ಮಸ್ಕಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ರು, ನನಗ ಫೋನಿನ್ಯಾಗ ಕಳಸು ಅಂದ್ರು. ನನ್ನ ಲೈನು ಕಟ್ಟಾಗಿ ಕಟ್ಟಾಗಿ ಸಾಕಾತು. ಅಷ್ಟರಾಗ ಬಸ್ಸು ಮಸ್ಕಿ ಮುಟ್ಟಿತ್ತು. ಆದ್ರ ಆ ಪುಣ್ಯಾತ್ಮ ಫ್ಲಾಪಿನ್ನ ಡ್ರೈವರ್ ಬಾಜೂಕಿನ ಇಂಜಿನ್ ಮ್ಯಾಲ ಇಟ್ಟಿದ್ದ, ಬಿಸಿಗೆ ಹಪ್ಪಳದಂಗ ಸೊಟ್ಟ ಆಗಿತ್ತು. ಒಳಗ ಏನೂ ಉಳಿದಿಲ್ರಿ ಅಂದೆ. ಸಾವ್ಕಾರ ಒಪ್ಪಲಿಲ್ಲ.

"ಒಳಗಿಂದು ಬಿಡು. ಮೊದ್ಲು ಯಾವುದು ಬಂತು, ಅದನ್ನ ಹೇಳು."

ಊಟ ಆತೇನು?

ಮಸ್ಕಿ ಲೈನು ಯಾಕ ಕಟ್ಟಾಗ್ತಿತ್ತಪಾ ಅಂದ್ರ, ಅಲ್ಲಿ ಅಂಗಡಿ ನೋಡ್ಕೊಳ್ಳೋ ಕಾಕಾ. ರಿಂಗಾದ್ರ ಮೋಡೆಮ್ ತಾನೇ ಎತ್ತತೈತಿ, ನೀವು ಮುಟ್ಟಬ್ಯಾಡ್ರಿ ಅಂತ ಎಷ್ಟು ಸಲ ಹೇಳಿದ್ರೂ, ಕಾಕಾ ಫೋನ್ ಎತ್ತಿ "ಊಟ ಆತೇನು?" ಅಂತ ಕೇಳೇ ಬಿಡ್ತಿದ್ದ. ನನಗ ತಲಿ ಕೆಟ್ಟು, ಅದು ಮಷಿನ್ನು, ಉಣ್ಣಂಗಿಲ್ಲ ಅಂತ ಬಯ್ದೆ. ಮೋಡೆಮ್ ಕೀಂ ಅಂತ ಒದರೋದನ್ನ ಮನಷ್ಯಾರ ದನಿ ಅಂತ ತಿಳದಿದ್ದ ಕಾಕಾಗ ಬ್ಯಾಸರಾತು. ಯಾರೋ ದೂರದಿಂದ ಫೋನ್ ಮಾಡ್ಯಾರ, ಆ ಪರಿ ಕಿರಚಾಕತ್ತಾರ, ಉಂಡಿರೇನು ಅಂತ ಸೈತ ಕೇಳಬಾರದಾ ಅಂದ.

ಎಂಗೇಜ್

ಲಿಂಗಸುಗೂರಿನ ಲೈನು ಮಾತ್ರ ಬಂಗಾರ. ಅಲ್ಲಿ ಮಷಿನ್ ಮುಂದ ಒಬ್ಬಾಕಿ ಕುಂದರ್ತಿದ್ಲು. ಮಾರಿ ನೋಡಿಲ್ಲ, ದನಿ ಕೇಳಿಲ್ಲ. ಫೈಲು ಮುಟ್ಟಿದ ಮ್ಯಾಲ ಲೈನು ಬಿಡದ, ಇಂಗ್ಲಿಷ್ ಅಕ್ಷರದಾಗ ಕನ್ನಡ ಟೈಪ್ ಮಾಡ್ಕೋಂತ ಇರ್ತಿದ್ವಿ. ಕಾಲುವಿಗೆ ನೀರು ಬಂತೇನ್ರಿ ಅಂತ ಆಕಿ, ನಿಮ್ಮ ಕಡೆ ಮೋಡ ಆಗೈತೇನ್ರಿ ಅಂತ ನಾನು. ನಾ ಒಂದು ಮಾತು ಹೊಡದ್ರ ಆಕಿ ಉತ್ತರ ಬರೋದು ಜರಾ ತಡ. ಆ ಖಾಲಿ ಪರದೆ ನೋಡ್ಕೋಂತ ಕುಂತಾಗ ನನ್ನ ಜೀವ ಜೀವದಾಗ ಇರ್ತಿರಲಿಲ್ಲ. ಆಕಿ ಅಂದ್ರ ನನಗ ಅಷ್ಟು ಆಸಿ.

ಸಾವ್ಕಾರಗ ಬ್ಯಾರೇನೇ ಲೆಕ್ಕ. ತಮ್ಮ ಮನಿಯಿಂದ ಲಿಂಗಸುಗೂರಿಗೆ ಫೋನ್ ಹಚ್ಚೋದು, ಎಂಗೇಜ್ ಬಂದ್ರ ಫೈಲು ಇನ್ನಾ ಹೊಂಟೈತಿ ಅಂತ ತಿಳಕೊಳ್ಳೋದು. ಒಂದಿನ ಕರೆದು, ಅಷ್ಟು ಸ್ಲೋ ಲೈನಿಗೆ ಮಷಿನ್ ಯಾಕ, ಹೋಗಿ ಬಿಚ್ಕೊಂಡು ಬಾ, ಆಕಿ ರೊಕ್ಕ ಎಣಿಸೋ ಗಲ್ಲೇಕ ಕುಂದರಲಿ ಅಂದ್ರು. ಫೈಲು ಆಗಲೇ ಮುಟ್ಟಿರತೈತ್ರಿ, ಆಮ್ಯಾಗ ನಾವೇ ಮಾತಾಡ್ತೀವಿ ಅಂತ ಹ್ಯಾಂಗ ಹೇಳ್ಲಿ? ಆಕಿ ಹೆಸರು ಬಜಾರಕ್ಕ ಬರ್ತಿತ್ತು. ಲಿಂಗಸುಗೂರಿನ ಬಸ್ ಹತ್ತಿದೆ.

ಕಡೀ ಟೆಸ್ಟು

ಮೊದಲನೇ ಸಲ ಎದುರಾಬದುರು ಕುಂತ್ವಿ. ನಾನು ಸ್ಕ್ರೂಡ್ರೈವರ್ ತೆಗದೆ. ಬಿಚ್ಚೋಕಿಂತ ಮೊದ್ಲು ಒಂದು ಟೆಸ್ಟ್ ಮಾಡೋಣ್ರಿ ಅಂತ ಆಕಿನೇ ಮಸ್ಕಿಗೆ ಹಚ್ಚಿದ್ಲು. ಮೋಡೆಮ್ಮಿನ ಸಣ್ಣ ಸ್ಪೀಕರಿನ್ಯಾಗ ಕಾಕಾ: "ಊಟ ಆತೇನು?"

ಆಕಿ ಫೋನ್ ಎತ್ತಿದ್ಲು. "ಇಲ್ರೀ ಕಾಕಾ. ಸಿಂಧನೂರಿನವ್ರು ಬಂದಾರ, ಅವರದೂ ಆಗಿಲ್ಲ."

"ಹಂಗಾದ್ರ ಮೊದ್ಲು ಕೂಡಿ ಉಣ್ರಿ. ಮಷಿನ್ ಎಲ್ಲಿ ಓಡಿ ಹೋಗ್ತೈತಿ."

ಡಬ್ಬಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ನನ್ನ ಕಡೆ ಸರಿಸಿದ್ಲು. ಚಲೋ ಆಗೈತ್ರಿ ಅಂದೆ. ಪರದೆ ಮ್ಯಾಲಿನಂಗ ಇಲ್ಲೂ ಆಕಿ ಉತ್ತರ ಜರಾ ತಡ. ಆ ತಡದಾಗ ಆಕಿ ಏನು ಮಾಡ್ತಿದ್ಲು ಅನ್ನೋದು ಅವತ್ತು ಗೊತ್ತಾತು: ತಲಿ ತಗ್ಗಿಸಿ ನಗ್ತಿದ್ಲು.

ವಾಪಸ್ ಬರ್ತಾ ಮಸ್ಕಿ ಸ್ಟ್ಯಾಂಡಿನ್ಯಾಗ ಕಾಕಾ ಬಸ್ಸಿನ ಕಿಟಕಿ ಹಂತ್ಯಾಕ ಬಂದ. ನನ್ನ ತೊಡಿ ಮ್ಯಾಲ ಮಷಿನ್ನು.

"ಅಲ್ಲೋ ತಮ್ಮಾ, ಇಷ್ಟು ದಿನ ಕೇಳಿದ್ರೂ ಒಬ್ರೂ ಉಂಡೀವಿ, ಇಲ್ಲ ಅಂತ ಹೇಳಿರಲಿಲ್ಲ. ಇವತ್ತು ಅಂಥಾ ಚಲೋ ಹತ್ತಿತ್ತು ಲೈನು. ಅದನ್ನ ಯಾಕ ತೆಗಸ್ಯಾರ?"

"ಭಾಳ ಸ್ಲೋ ಐತಂತ್ರೀ, ಕಾಕಾ," ಅಂದೆ.