ಕೆಂಪು ಶಾಯಿಯ ಬೈಗುಳ

ಅವತ್ತು ಪ್ರೂಫ್ ಮಾಮನ ಪೆನ್ಸಿಲ್ ಕಾಣೆಯಾಗದೆ ಇದ್ದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ.

ಪ್ರೂಫ್ ಮಾಮ ಆ ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಕರಡು ತಿದ್ದುತ್ತಿದ್ದವರು. ಮೇಜಿನ ಮೇಲೆ ಅವರದು ಎರಡೇ ಆಯುಧ. ಕೆಂಪು ಪೆನ್ನು ತಪ್ಪು ತಿದ್ದುವುದಕ್ಕೆ, ಪೆನ್ಸಿಲ್ ಸಿಟ್ಟು ತೀರಿಸಿಕೊಳ್ಳುವುದಕ್ಕೆ. ಕತೆಯ ಪಾತ್ರಗಳ ಮೇಲೆ ರೇಗಿದಾಗೆಲ್ಲ ಅಂಚಿನಲ್ಲಿ ಪೆನ್ಸಿಲಿನಿಂದ ನಾಲ್ಕು ಮಾತು ಬಯ್ದು ಬರೆಯುವುದು, ಆಮೇಲೆ ರಬ್ಬರ್ ಹಾಕಿ ಉಜ್ಜಿಬಿಡುವುದು, ಇದು ಅವರ ಗುಟ್ಟಿನ ಚಟ. ಯಾರಿಗೂ ಗೊತ್ತಾಗಬಾರದ ಚಟ ಕೂಡ. ಹೋದ ತಿಂಗಳು ಯಾರದೋ ಕತೆಯ ಕೊನೆಯನ್ನೇ ಬದಲಾಯಿಸಿ ಸಿಕ್ಕಿಬಿದ್ದಾಗ ಯಜಮಾನರು ಕರೆದು ಹೇಳಿದ್ದರು: “ಅಕ್ಷರ ತಿದ್ದಿ, ಕತೆ ತಿದ್ದಬೇಡಿ. ಇನ್ನೊಂದು ದೂರು ಬಂದ್ರೆ ಮಾರನೇ ದಿನದಿಂದ ಮನೇಲೇ ಇರಿ.”

ಆ ಬೆಳಿಗ್ಗೆ ಮೇಜಿಗೆ ಬಂದದ್ದು ಹರೆಯದವರಿಗೆಂದು ಬರೆದ ಕಾದಂಬರಿ. ಬರೆದವರು ಯಾರೋ ಹೊಸಬರು, ಕಾವ್ಯನಾಮ ಹಾಕಿಕೊಂಡಿದ್ದರು. ಸಂಜೆ ನಾಲ್ಕಕ್ಕೆ ಅವರೇ ಬಂದು ಮಾದರಿ ಪ್ರತಿ ನೋಡಿ ಸಹಿ ಹಾಕುವವರಿದ್ದರು.

ಕಾದಂಬರಿಯ ನಾಯಕಿಗೆ ಹದಿನಾರು. ಅಪ್ಪ ದರ್ಜಿ. ಚಿತ್ರಕಲಾ ಶಾಲೆಯಲ್ಲಿ ಸೀಟು ಸಿಕ್ಕಿದೆ ಅಂತ ಅವಳಿಗೆ ಮೂರನೇ ಪುಟದಲ್ಲೇ ಪತ್ರ ಬರುತ್ತದೆ. ಅಪ್ಪನಿಗೆ ಹೇಳಿದರೆ ಮುಗಿಯಿತು. ಈ ಪುಣ್ಯಾತ್ಗಿತ್ತಿ ಹೇಳುವುದಿಲ್ಲ. ಪತ್ರವನ್ನು ಬೂಟಿನ ಡಬ್ಬಿಯಲ್ಲಿ ಬಚ್ಚಿಡುತ್ತಾಳೆ, ಅಲ್ಲಿಂದ ದಿಂಬಿನ ಚೀಲಕ್ಕೆ ವರ್ಗಾಯಿಸುತ್ತಾಳೆ. ಅಪ್ಪ “ಏನಾಯ್ತೇ?” ಅಂದರೆ “ಏನಿಲ್ಲ” ಅನ್ನುತ್ತಾಳೆ. ಐವತ್ತನೇ ಪುಟಕ್ಕೆ ಬರುವಷ್ಟರಲ್ಲಿ ಮಾಮ ಹತ್ತೊಂಬತ್ತು ‘ಏನಿಲ್ಲ’ ಎಣಿಸಿದ್ದರು.

ಸಿಟ್ಟು ನೆತ್ತಿಗೇರಿತು. ಕೈ ಪೆನ್ಸಿಲ್ ಹುಡುಕಿತು, ಸಿಗಲಿಲ್ಲ. ಅದು ಆಗ ಒಳಗೆ ಯಂತ್ರ ನಡೆಸುವ ಮಷೀನ್ ಅಣ್ಣನ ಕಿವಿಯ ಮೇಲೆ ಆರಾಮಾಗಿ ಕೂತಿತ್ತು. ಸಿಟ್ಟು ಕಾಯುತ್ತದೆಯೇ? ಮಾಮನ ಕೈ ತಾನಾಗಿ ಕೆಂಪು ಪೆನ್ನು ಎತ್ತಿಕೊಂಡು ಅಂಚಿನಲ್ಲಿ ಬಯ್ಯತೊಡಗಿತು, ಅವರಿಗೆ ಅದರ ಖಬರೇ ಇರಲಿಲ್ಲ.

ಅವರಿಗೆ ಅಯ್ಯೋ ಅನಿಸಿದ್ದು ದರ್ಜಿಯ ಬಗ್ಗೆ. ಮಗಳು ಏನು ಹೊಲಿದರೂ ಆತ ಬಿಚ್ಚಿ ಮತ್ತೆ ತಾನೇ ಹೊಲಿಯುತ್ತಿದ್ದ. ‘ಸರಿಯಾಗೇ ಮಾಡ್ತಾನೆ, ಸೊಟ್ಟ ಹೊಲಿಗೆ ಬಿಚ್ಚದೆ ಪೂಜೆ ಮಾಡಬೇಕಾ?’ ಅಂದುಕೊಂಡರು ಮಾಮ. ಅವರಿಗೂ ಹದಿನೇಳರ ಮಗಳಿದ್ದಳು. ಮೊದಲೆಲ್ಲ ತಾನು ಬರೆದದ್ದನ್ನು ತಂದು ತೋರಿಸುತ್ತಿದ್ದಳು, ಇವರು ಪುಟವೆಲ್ಲ ಕೆಂಪಾಗುವಂತೆ ತಿದ್ದಿ ಕೊಡುತ್ತಿದ್ದರು. ಈಗೊಂದು ವರ್ಷದಿಂದ ತೋರಿಸುವುದನ್ನೇ ನಿಲ್ಲಿಸಿದ್ದಳು. ತಪ್ಪೇ ಬರುತ್ತಿಲ್ಲ ಅಂತ ಮಾಮನಿಗೆ ಹೆಮ್ಮೆ.

ಮಧ್ಯಾಹ್ನ ಊಟ ಮುಗಿಸಿ ಬಂದು ರಬ್ಬರ್ ತೆಗೆದುಕೊಂಡರೆ ಮೇಜಿನ ಮೇಲೆ ಕರಡಿನ ಕಟ್ಟು ಇರಲಿಲ್ಲ.

“ನಾನೇ ತಗೊಂಡೆ ಮಾಮ. ಎಲ್ಲಾ ಸೇರಿಸಿ ಮಷೀನಿಗೆ ಕೊಟ್ಟೂ ಆಯ್ತು,” ಅಂದಳು ಅಕ್ಷರ ಜೋಡಿಸುವ ಕಂಪೋಸಿಂಗ್ ಅಕ್ಕ. “ಇವತ್ತು ಬಹಳ ಬರೆದಿದ್ರಿ ಕೆಂಪಲ್ಲಿ.”

“ಕೆಂಪಲ್ಲಿ?” ಮಾಮ ಮೇಜಿನ ಮೇಲಿದ್ದ ಪೆನ್ನು ನೋಡಿದರು. “ಅಲ್ಲಮ್ಮ, ‘ಥೂ ನಿನ್ನ’ ಅಂತ ಬರೆದಿದ್ರೆ ಅದನ್ನೂ ಸೇರಿಸೋದಾ? ಸ್ವಲ್ಪ ತಲೆ ಓಡಿಸಬಾರದಾ?”

ಅಕ್ಕ ಗೋಡೆ ತೋರಿಸಿದಳು. ಮಾಮನದೇ ದುಂಡು ಅಕ್ಷರದಲ್ಲಿ ಅಲ್ಲೊಂದು ಚೀಟಿ: ‘ಕೆಂಪಿನಲ್ಲಿ ಇರುವುದನ್ನು ಇರುವ ಹಾಗೇ ಸೇರಿಸುವುದು. ಸ್ವಂತ ಬುದ್ಧಿ ಉಪಯೋಗಿಸಕೂಡದು.’ ಎರಡು ವರ್ಷದ ಹಿಂದೆ ಅವಳೊಡನೆ ಜಗಳ ಆಡಿ ಅವರೇ ಅಂಟಿಸಿದ್ದು.

ಮಾಮ ಓಡಿದರು. ಮಷೀನ್ ಅಣ್ಣ ಮಾದರಿ ಪ್ರತಿ ಹಿಡಿದು ಸ್ಟೂಲಿನ ಮೇಲೆ ಕೂತು ಕಿಸಿಕಿಸಿ ನಗುತ್ತಿದ್ದ. ಹದಿನೈದು ವರ್ಷದಲ್ಲಿ ಅವನು ತಾನು ಅಚ್ಚು ಹಾಕಿದ್ದನ್ನು ಓದಿದ್ದು ಇದೇ ಮೊದಲು.

“ಕೇಳಿ ಮಾಮ. ‘ಅವಳು ಅಪ್ಪನ ಕೋಣೆಯ ಬಾಗಿಲ ತನಕ ಹೋದಳು. ತಟ್ಟೇ ಮಾರಾಯ್ತಿ, ಬಾಗಿಲೇನು ಕಚ್ಚುತ್ತಾ? ಅವಳು ಮೆಲ್ಲಗೆ ಹಿಂದಿರುಗಿದಳು. ಥೂ ನಿನ್ನ.’ ಎಷ್ಟು ಚೆನ್ನಾಗಿ ಬರೆದಿದಾರೆ ಅಲ್ವಾ?”

“ಕೊಡೋ ಇಲ್ಲಿ.”

“ತಾಳಿ, ಈ ಪುಟ ಮುಗೀಲಿ.”

ಇಬ್ಬರೂ ಪುಸ್ತಕವನ್ನು ಎಳೆದಾಡುತ್ತಿರುವಾಗ ಮೂರನೆಯ ಕೈಯೊಂದು ಬಂದು ಅದನ್ನು ಎತ್ತಿಕೊಂಡಿತು. ಯಜಮಾನರದು. “ಲೇಖಕಿ ಆಗಲೇ ಬಂದು ಕೂತಿದಾರೆ,” ಅಂದು ಅವರು ಹೊರಟೇಹೋದರು.

ಮುಂದಿನ ಅರ್ಧ ಗಂಟೆ ಮಾಮ ಕೋಣೆಯ ಹೊರಗೆ ಬೆಕ್ಕಿನಂತೆ ಸುಳಿದಾಡಿದರು. ಕುಡಿಯುವ ನೀರು ಕೊಡುವ ನೆಪದಲ್ಲಿ ಒಳಗೆ ನುಗ್ಗಿ ಪುಸ್ತಕದ ಮೇಲೆ ಲೋಟ ಉರುಳಿಸಿಬಿಡುವುದು ಅಂತ ಲೆಕ್ಕ ಹಾಕಿ ಲೋಟವನ್ನೂ ತಂದರು. ಬಾಗಿಲ ತನಕ ಹೋಗಿ ತಟ್ಟಲು ಧೈರ್ಯ ಬಾರದೆ ಹಿಂದಿರುಗಿದರು. ಮತ್ತೆ ಹೋದರು, ಮತ್ತೆ ಬಂದರು.

“ತಟ್ಟಿ ಮಾಮ,” ಅಂದ ಹಿಂದಿನಿಂದ ಮಷೀನ್ ಅಣ್ಣ, “ಬಾಗಿಲೇನು ಕಚ್ಚುತ್ತಾ?”

ಬಾಗಿಲು ತಾನಾಗಿ ತೆರೆಯಿತು. ಯಜಮಾನರು “ಬನ್ನಿ” ಅಂದರು, ಮುಖ ಬಿಗಿದಿತ್ತು. ಗಾಬರಿಯಲ್ಲಿ ಲೋಟ ಮಾಮನ ಅಂಗಿಯ ಮೇಲೇ ಬಗ್ಗಿತು. ಇಪ್ಪತ್ತಾರು ವರ್ಷದ ಕೆಲಸ ಹೋಯಿತು ಅಂದುಕೊಂಡು, ನೀರು ತೊಟ್ಟಿಕ್ಕುತ್ತಾ, ತಲೆ ತಗ್ಗಿಸಿ ಒಳಗೆ ಹೋದರು.

“ತಪ್ಪಾಯ್ತಮ್ಮ,” ಅಂದರು ನೆಲ ನೋಡುತ್ತಾ. “ಆ ಹುಡುಗಿ ಸಂಕಟ ನೋಡೋಕಾಗದೆ ಬರೆದುಬಿಟ್ಟೆ. ಎಲ್ಲಾ ತೆಗೆಸಿಬಿಡ್ತೀನಿ.”

“ತೊಂಬತ್ನಾಲ್ಕನೇ ಪುಟದ್ದು ಮಾತ್ರ ತೆಗೀಬೇಡ ಅಪ್ಪ,” ಅಂದಿತು ಒಂದು ದನಿ.

ಮಾಮ ತಲೆ ಎತ್ತಿದರು. ಕುರ್ಚಿಯ ತುದಿಯಲ್ಲಿ ಅವರ ಮಗಳು ಕೂತಿದ್ದಳು. ಪುಸ್ತಕ ಎದೆಗೆ ಅವುಚಿಕೊಂಡಿದ್ದಳು, ಅತ್ತು ಕಣ್ಣು ಊದಿತ್ತು.

“ಆರು ತಿಂಗಳಿಂದ ಹೇಳಬೇಕು ಅಂತಿದ್ದೆ,” ಅಂದಳು. “ನೀನು ಓದೋ ಮೊದಲೇ ತಿದ್ದೋಕೆ ಶುರು ಮಾಡ್ತೀಯ ಅಂತ ಭಯ. ಅದಕ್ಕೇ ಯಾರು ಬರೆದಿದ್ದು ಅಂತ ಹೇಳಬೇಡಿ ಅಂತ ಇವರ ಹತ್ರ ಕೇಳ್ಕೊಂಡೆ.”

ಯಜಮಾನರು ಮುಖ ಬಿಗಿದುಕೊಂಡಿದ್ದು ನಗು ತಡೆಯುವುದಕ್ಕೆ ಅಂತ ಮಾಮನಿಗೆ ಆಗ ತಿಳಿಯಿತು. ದರ್ಜಿ ಯಾರು ಅನ್ನುವುದೂ ತಿಳಿಯಿತು.

ಮಗಳು ತೊಂಬತ್ನಾಲ್ಕನೇ ಪುಟ ತೆರೆದು ಕೊಟ್ಟಳು. ಅವರದೇ ಮಾತು, ಅಚ್ಚಾಗಿ ಕೂತಿತ್ತು: ‘ಏನೇ ಇರಲಿ ಹೇಳು ಮಗಳೇ. ಅಪ್ಪ ಬಯ್ಯಲ್ಲ. ನೀನು ಹೇಳಿದ್ರೆ ಸಾಕು ಅವನಿಗೆ.’

“ಇದನ್ನ ಓದಿದ ಮೇಲೆ ತಾನೇ ನಿನ್ನ ಒಳಗೆ ಕರೆಸಿ ಅಂದಿದ್ದು. ಇಲ್ಲದಿದ್ರೆ ಸಹಿ ಹಾಕಿ ಹಿಂದಿನ ಬಾಗಿಲಿಂದ ಹೋಗಿಬಿಡ್ತಿದ್ದೆ.”

ಅದೇ ಪುಟದ ಕೊನೆಯ ಸಾಲಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದ್ದು ಮಾಮನ ಕಣ್ಣಿಗೆ ಬಿತ್ತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವರು ತಪ್ಪು ಕಂಡೂ ತಿದ್ದದೆ ಬಿಟ್ಟರು. “ಚೆನ್ನಾಗಿದೆ ಕಣೇ,” ಅಂದರು. ಪೆನ್ಸಿಲ್ ಕದ್ದವನು ನೂರು ಕಾಲ ಬಾಳಲಿ ಅಂತ ಮನಸ್ಸಿನಲ್ಲೇ ಹರಸಿದರು.

“ಇಷ್ಟೇ ತಾನೇ? ಇನ್ನೇನಾದ್ರೂ ಮುಚ್ಚಿಟ್ಟಿದೀಯಾ?”

ಮಗಳು ಪಕ್ಕದ ಚೀಲವನ್ನು ಕಾಲಿನಿಂದ ಮೆಲ್ಲಗೆ ಕುರ್ಚಿಯ ಕೆಳಗೆ ತಳ್ಳಿದಳು.

“ಏನಿಲ್ಲ.”

ಬೆಳಿಗ್ಗೆಯಿಂದ ಎಣಿಸಿದ್ದವರಿಗೆ ಆ ಮಾತಿನ ಅರ್ಥ ಹೊಸದಾಗಿ ಹೇಳಿಕೊಡಬೇಕಿರಲಿಲ್ಲ. ಮಾಮ ರೇಗಲಿಲ್ಲ, ಸುಮ್ಮನೆ ಕಾದರು. ಅವಳು ಒಂದು ನಿಮಿಷ ಉಗುರು ಕಚ್ಚಿ, ಚೀಲದಿಂದ ದಪ್ಪನೆಯ ಕಟ್ಟು ತೆಗೆದು ಅಪ್ಪನ ಕೈಗಿಟ್ಟಳು.

“ಎರಡನೇ ಭಾಗ. ನಾನೂರು ಪುಟ,” ಅಂದಳು. “ಇದರಲ್ಲಿ ಅವಳು ಅಮ್ಮನಿಗೂ ಏನೂ ಹೇಳಲ್ಲ.”

ಮಾಮ ಮೊದಲ ಪುಟ ತಿರುಗಿಸಿದರು. ಎರಡನೇ ಸಾಲಿನಲ್ಲೇ ‘ಏನಿಲ್ಲ’ ಇತ್ತು. ಅವರು ಹೊರಗೆ ಬಂದು, ಮಷೀನ್ ಅಣ್ಣನ ಕಿವಿಯ ಮೇಲಿದ್ದ ಪೆನ್ಸಿಲನ್ನು ನೋಡಿ, ಅದನ್ನು ಅಲ್ಲೇ ಬಿಟ್ಟು, ಅಕ್ಕನ ಹತ್ತಿರ ಹೊಸದೊಂದು ಕೆಂಪು ಪೆನ್ನು ಕೇಳಿದರು.